ಡಾಕ್ಟರಿಗೆ ಒದೆಯಬಾರದು!

"ಬಾಗಲಕೋಟಿ ಡಾಕ್ಟ್ರಲ್ಲ, ಅವರ ಗುರುಗಳ ಬಂದು ಸುತ್ತಿಗಿ ಬೀಸಲಿ. ಈ ಕಾಲು ಕದಲೂದಿಲ್ಲ!"

ಇಳಕಲ್ಲಿನ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ರುಕ್ಮಿಣೀಬಾಯಿ ಭೀಷ್ಮನೂ ಬೆಚ್ಚುವಂಥ ಪ್ರತಿಜ್ಞೆ ಮಾಡಿದರು.

ಹೋದ ವಾರ ಅಡುಗೆಮನೆಯ ಹೊಸ್ತಿಲಲ್ಲಿ ಮಜ್ಜಿಗೆ ತಪ್ಪೇಲಿ ಸಮೇತ ಬಿದ್ದಿದ್ದರು. ಸೊಟ್ಟಗಾದದ್ದು ತಪ್ಪೇಲಿ ಮಾತ್ರ. ಆದರೂ ಮಗ ಸತ್ಯಬೋಧ, "ನರದ ಡಾಕ್ಟ್ರು ಹೂಂ ಅನ್ನೂತನಕ ನೀ ಒಲಿ ಹತ್ರ ಹೋಗಬ್ಯಾಡವಾ" ಎಂದುಬಿಟ್ಟ. ಜೀವಮಾನವಿಡೀ ಆಳಿದ ರಾಜ್ಯ ಒಂದೇ ಮಾತಿಗೆ ಸೊಸೆ ವಂದನಾಳ ಪಾಲಾಯಿತು!

ನೆರೆಮನೆಯ ಬಾನುಬಿ ನರದ ಪರೀಕ್ಷೆ ಕಂಡವಳು. "ಮೊಣಕಾಲಿಗೆ ಸುತ್ತಿಗೀಲೆ ಟಕ್ ಅಂತ ಬಡೀತಾರ ಬಾಯಾರ. ನನ್ನ ಕಾಲು ಹಾರಿ ಡಾಕ್ಟ್ರಿಗೇ ಒದ್ದಬಿಡ್ತು!"

"ಕೃಷ್ಣ ಕೃಷ್ಣಾ! ಜೀವಾ ಉಳಸೋರಿಗೆ ಒದೀತಾರೇನ?"

ದಾರಿಹೋಕರಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆತನ ಅವರದು. ಅಂದೇ ತಾಲೀಮು ಶುರುವಾಯಿತು. ಬಾನುಬಿ ಲಟ್ಟಣಿಗೆಯಿಂದ ಬಡಿಯುವುದು, ಇವರು ಹಲ್ಲು ಕಚ್ಚಿ ಕಾಲು ಬಿಗಿಹಿಡಿಯುವುದು. ಇಳಕಲ್ಲಿನ ಗ್ರಾನೈಟು ಕೂಡ ನಾಚಬೇಕು!

ಮಗ, ಸೊಸೆಯೊಂದಿಗೆ ಬಾಗಲಕೋಟೆಗೆ ಹೋದರು. ದವಾಖಾನೆಯಲ್ಲಿದ್ದವರು ಡಾಕ್ಟರ್ ಫರಹಾನಾ, ಮೊಮ್ಮಗಳ ವಯಸ್ಸಿನವರು. ಸತ್ಯಬೋಧನಿಂದ ಬಿದ್ದ ಕಥೆ, ಒಲೆಯ ಕಥೆ ಎಲ್ಲ ಕೇಳಿಕೊಂಡು ಮೂಗು ಮುಟ್ಟಿಸಿದರು, ಕಣ್ಣು ಮುಚ್ಚಿಸಿ ಹತ್ತಿ ಸವರಿದರು. ಎಲ್ಲ ಸರಿ. ಆಮೇಲೆ ಸುತ್ತಿಗೆ ಬಂತು. ಟಕ್! ಕಾಲು ಕದಲಲಿಲ್ಲ. ಇನ್ನೊಂದಕ್ಕೆ ಟಕ್! ಅದೂ ಕಲ್ಲು. ರುಕ್ಮಿಣೀಬಾಯಿ ಗೆದ್ದೆನೆಂದು ಬೀಗಿದರು. ಡಾಕ್ಟರ ಹುಬ್ಬು ಗಂಟಾಯಿತು.

"ಕಾಲು ಹಾರಬೇಕಿತ್ತಲ್ರಿ... ಬೆನ್ನಿನ ಸ್ಕ್ಯಾನ್ ಮಾಡಸಬೇಕೇನೋ."

ಸತ್ಯಬೋಧನ ಮುಖ ಬಿಳುಪೇರಿತು. ಡಾಕ್ಟರು ಕಡೆಯ ಉಪಾಯ ಹೂಡಿದರು. "ಅಜ್ಜಿ, ಎರಡೂ ಕೈಯಾಗಿನ ಬಟ್ಟು ಒಂದಕ್ಕೊಂದು ಸಿಗಿಸಿ ಜೋರ್ಲೆ ಜಗ್ಗರಿ."

ಹಟವೆಲ್ಲ ಕೈಗೆ ಇಳಿಯಿತು. ಕಾಲು ಕಾವಲಿಲ್ಲದ ಕೋಟೆಯಾಯಿತು. ಟಕ್! ಕಾಲು ಹಾರಿ ಡಾಕ್ಟರ ಮೊಣಕಾಲಿಗೇ ಒದೆಯಿತು!

"ಅಯ್ಯಯ್ಯೋ, ಪಾಪ ಬಂತು!" ರುಕ್ಮಿಣೀಬಾಯಿ ಮಂಚದಿಂದ ಇಳಿದು, ಬಗ್ಗಿ ಡಾಕ್ಟರ ಪಾದ ಮುಟ್ಟಿ, ಕಣ್ಣಿಗೊತ್ತಿಕೊಂಡು ನೆಟ್ಟಗೆ ನಿಂತರು.

"ಅಜ್ಜಿ! ಇಷ್ಟೊತ್ತು ಕಾಲು ಬಿಗಿ ಹಿಡಿದಿದ್ರೇನು?"

"ಡಾಕ್ಟ್ರಿಗೆ ಒದೀಬಾರದವಾ!"

"ಒದೀಬೇಕ್ರಿ! ನೀವು ಹೇಳಲಾರದನ ಕಾಲು ಹಾರಿದ್ರ, ಮೊಣಕಾಲಿನ ಸುದ್ದಿ ಬೆನ್ನಹುರಿಗೆ ಹೋಗಿ ಹೊಳ್ಳಿ ಬಂತು ಅಂತ ನಮಗ ತಿಳೀತೈತಿ. ಈಗ ಆಧಾರ ಇಲ್ಲದ ಇಳದ್ರಿ, ಬಗ್ಗಿದ್ರಿ, ಎದ್ರಿ, ಜೋಲಿ ಹೊಡೀಲಿಲ್ಲ. ನರ ಗಟ್ಟಿ ಅದಾವ. ಒಲಿ ನಿಮ್ದ!"

"ಮತ್ತ ಬಿದ್ದದ್ದ್ಯಾಕ್ರಿ?" ಎಂದ ಸತ್ಯಬೋಧ.

ವಂದನಾ ಬಾಯಿಬಿಟ್ಟಳು. "ನಾ ಸಾರಿಗೆ ಉಪ್ಪು ಹಾಕ್ಲಿಕತ್ತಿದ್ದೆರಿ. ಅತ್ತಿಯವರು ತಪ್ಪೇಲಿ ಹಿಡಕೊಂಡು ಹೊರಗ ಹೊಂಟಿದ್ರು. ಕಾಲು ಮುಂದ, ಕಣ್ಣು ಹಿಂದ ನನ್ನ ಚಮಚಾದ ಮ್ಯಾಲ. ನಡುವ ಹೊಸ್ತಿಲಾ ಬಂತು!"

ಡಾಕ್ಟರು ಸುತ್ತಿಗೆ ಕೆಳಗಿಟ್ಟರು. "ಇದಕ್ಕ ನಮ್ಮಲ್ಲಿ ಔಷಧ ಇಲ್ರಿ. ಸೊಸಿ ಅಡಗಿ ಮಾಡೂವಾಗ ಅಜ್ಜಿ ಮುಂದ ನೋಡಿ ನಡೀಬೇಕು."

"ಅದನ್ನ ಚೀಟಿ ಮ್ಯಾಲ ಬರದು, ಶಿಕ್ಕಾ ಹೊಡದು ಕೊಡ್ರಿ!" ವಂದನಾ ಕೈಮುಗಿದಳು.

ಗುಟ್ಟು ರಟ್ಟಾದ ರುಕ್ಮಿಣೀಬಾಯಿಯ ಕಾಲು ಈಗ ಮಾತ್ರ ಬಿಗಿಹಿಡಿಯದೆಯೂ ಕದಲಲಿಲ್ಲ.