ತಲೆಯ ಮೇಲಿನ ಗೂಬೆ

ಗಟ್ಟಿಮುಟ್ಟಾಗಿ ಇರುವವರಿಗೆ ನಗೆಯ ಪ್ರಸಂಗಗಳು ಎದುರಾಗುವುದು ಅಪರೂಪಕ್ಕೆ. ಸಾಯಬಹುದು ಎಂದು ಡಾಕ್ಟರರಿಂದ ಹೇಳಿಸಿಕೊಂಡವನಿಗೆ ದಿನಕ್ಕೊಂದು. ಸಿಂಗಪುರದಲ್ಲಿ ಎತ್ತ ನೋಡಿದರೂ ಕ್ರೇನುಗಳು ನಿಂತಿದ್ದ, ಎಲ್ಲರಿಗೂ ಕೈತುಂಬ ಕೆಲಸವಿದ್ದ ಆ ವರ್ಷ ನನಗೆ ಬೈಪಾಸ್ ಆಪರೇಷನ್ ನಿಗದಿಯಾಗಿತ್ತು. ಹೃದಯದ ರಕ್ತನಾಳ ಮೂರು ಕಡೆ ಕಟ್ಟಿಕೊಂಡಿತ್ತು. ಅಲ್ಲಿಯವರೆಗೆ ಆರು ವಾರ ರಜೆ ಹಾಕಿ ದಿನಾ ಬೆಳಿಗ್ಗೆ ನಿಧಾನವಾಗಿ ನಡೆಯಿರಿ, ದಣಿದರೆ ಕೂತುಬಿಡಿ ಎಂದರು ಡಾಕ್ಟರು. ಕಲ್ಲಾಂಗ್ ನದಿಯ ಪಕ್ಕದ ಪಾರ್ಕಿನಲ್ಲಿ ನಾನು ನಡೆದದ್ದು ಕಡಿಮೆ, ಕೂತದ್ದೇ ಹೆಚ್ಚು.

ಬೆಂಚು

ಸೆಲೆಟಾರಿನ ಕಾರ್ಖಾನೆಯೊಂದರಲ್ಲಿ ವಿಮಾನದ ಇಂಜಿನ್ ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಹಾಗಾಗಿ ನಾನು ಕಂಡ ಹಕ್ಕಿಗಳೆಲ್ಲ ಇಂಜಿನ್ನಿಗೆ ಸಿಕ್ಕಿದ ಮೇಲಿನವು: ಪುಕ್ಕ, ಒಂದಿಷ್ಟು ಮೂಳೆ. ಇಡೀ ಹಕ್ಕಿಯನ್ನು ಪುರುಸೊತ್ತಿನಿಂದ ನೋಡಿದ್ದು ಅಲ್ಲೇ ಮೊದಲು. ಮಳೆಮರದ ಕೊಂಬೆಯಲ್ಲಿ, ನನ್ನ ತಲೆಗೆ ನೇರವಾಗಿ, ದೊಡ್ಡದೊಂದು ಗೂಬೆ ಕಣ್ಣು ಅರೆಮುಚ್ಚಿ ಕೂತಿತ್ತು. ಹೆಂಡತಿಗೆ ತೋರಿಸಿದೆ. ಅದೇ ನಾನು ಮಾಡಿದ ತಪ್ಪು.

ಅವಳು ಗದಗಿನ ಕಡೆಯವಳು. ಅವಳ ಊರಿನಲ್ಲಿ ಗೂಬೆ ಮನೆಯ ಮೇಲೆ ಕೂತರೆ ಬೀಗ ಹಾಕಿಕೊಂಡು ಕೆಲವು ದಿನ ಬೇರೆ ಕಡೆ ಹೋಗಿ ಇರುತ್ತಾರೆ. "ಮ್ಯಾಲ ನೋಡಬ್ಯಾಡ್ರಿ. ಮೊದ್ಲ ಏಳ್ರಿ ಇಲ್ಲಿಂದ," ಎಂದು ರಟ್ಟೆ ಹಿಡಿದು ದೂರದ ಇನ್ನೊಂದು ಬೆಂಚಿಗೆ ಕರೆದೊಯ್ದಳು. ಇನ್ನು ಮುಂದೆ ಇಲ್ಲೇ ಕೂರಬೇಕೆಂದು ತಾಕೀತು ಮಾಡಿದಳು. ಮಾರನೆಯ ದಿನ ಅಲ್ಲಿ ಕೂತು ಸ್ವಲ್ಪ ಹೊತ್ತಾಗಿತ್ತು, ನನ್ನ ಹೆಗಲ ಮೇಲೆ ಬೆಳ್ಳಗಿನದೇನೋ ಬಿತ್ತು. ಇಬ್ಬರೂ ತಲೆಯೆತ್ತಿದೆವು. ಅದೂ ಮರ ಬದಲಿಸಿತ್ತು.

"ಹಳೇ ಬೆಂಚೇ ಚಲೋ ಇತ್ತು," ಎಂದೆ. "ಅಲ್ಲಿ ನೆರಳಾದ್ರೂ ಇತ್ತು."

ಅಲುಗಾಡದ ಮನುಷ್ಯ

ವಾರದೊಳಗೆ ಸುದ್ದಿ ಹರಡಿ, ಮೊಳದುದ್ದದ ಲೆನ್ಸ್ ಹೊತ್ತ ಚೀನೀ ಅಂಕಲ್‌ಗಳು ಬಂದರು. ನಾನೇಕೆ ಅಡ್ಡ ಎಂದು ಏಳಲು ಹೋದೆ. ಅವರಲ್ಲೊಬ್ಬ ಟ್ಯಾಕ್ಸಿ ಓಡಿಸಿ ನಿವೃತ್ತನಾದವನು. ಓಡಿ ಬಂದು, ಮಾತಿನ ಕೊನೆಗೊಂದು 'ಲಾ' ಸೇರಿಸುವ ಸಿಂಗಪುರದ ಧಾಟಿಯಲ್ಲಿ ತಡೆದ.

"ಏಳಬೇಡಿ, ಕೂತ್ಕೊಳಿ ಲಾ. ಬೇರೆ ಯಾರು ಹತ್ತಿರ ಹೋದ್ರೂ ಬರ್ಡ್ ಹಾರಿ ಹೋಗುತ್ತೆ. ನಿಮಗೆ ಮಾತ್ರ ಹೆದರಲ್ಲ."

"ಯಾಕೆ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮಲ್ಲಿ ಜೀವ ಇರೋ ಹಾಗೆ ಕಾಣಲ್ಲ ಲಾ."

ಧೈರ್ಯ

ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿರುವ ಮೈಸೂರಿನ ಗೆಳೆಯರೊಬ್ಬರು ನನಗೆ ಧೈರ್ಯ ಹೇಳಲು ಪಾರ್ಕಿಗೇ ಬಂದರು. ಗೂಬೆಯ ಕಥೆ ಕೇಳಿ ನಕ್ಕರು. "ಮೇಡಂ, ನೆಗೆಟಿವ್ ಆಗಿ ತಗೋಬೇಡಿ. ನಮ್ಮ ಆಫೀಸಿನ ಬೆಂಗಾಲಿ ಒಬ್ರು ಹೇಳ್ತಿದ್ರು, ಗೂಬೆ ಅಂದ್ರೆ ಲಕ್ಷ್ಮೀ ವಾಹನ. ಇದು ಬಂದಿರೋದು ಒಳ್ಳೇದಕ್ಕೇ." ಶೂ ಬಿಚ್ಚಿಟ್ಟು ಗೂಬೆಗೆ ಕೈಮುಗಿದರು. ಎಷ್ಟೋ ದಿನಗಳ ಮೇಲೆ ಹೆಂಡತಿಯ ಮುಖದಲ್ಲಿ ಕಳೆ ಕಂಡಿತು. ಗೆಳೆಯರು ಲೇಸ್ ಕಟ್ಟಿಕೊಳ್ಳುವ ನೆಪದಲ್ಲಿ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಅಂದ್ಹಾಗೆ ಸರ್, ವಿಲ್ ರೆಡಿ ಮಾಡಿದೀರಾ?"

ವಿಭೂತಿ

ಆಪರೇಷನ್ನಿಗೆ ವಾರವಿತ್ತು. ಹೆಂಡತಿಗೆ ಊಟ ಸೇರುತ್ತಿರಲಿಲ್ಲ. ನನಗೆ ಹೇಳದೆ, ನಾಲ್ಕು ದಿನ ಮುಂಜಾನೆ ಒಬ್ಬಳೇ ಹೋಗಿ ಗೂಬೆ ಕೂರುವ ಮರದ ಬೊಡ್ಡೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಬಂದಳಂತೆ. ಐದನೆಯ ದಿನ ನಾವು ಹೋದಾಗ ಮರದ ಸುತ್ತ ಹಳದಿ ಟೇಪು. ಪಾರ್ಕಿನ ಅಧಿಕಾರಿಯೊಬ್ಬ ತೊಗಟೆಯ ಮೇಲಿನ ಬಿಳುಪನ್ನು ಪುಟ್ಟ ಚೀಲಕ್ಕೆ ಕೆರೆದುಕೊಳ್ಳುತ್ತಿದ್ದ. ಏನೋ ಫಂಗಸ್ ಹತ್ತಿದೆ, ಒಳಗೆ ಟೊಳ್ಳಾಗಿದ್ದರೆ ಕಡಿಸಬೇಕಾಗುತ್ತದೆ ಎಂದ.

ಮರ ಹೋದರೆ ಗೂಬೆಯೂ ಹೋಗುತ್ತಿತ್ತು. ಆದರೆ ಮರದ ಸಾವು ಅವಳಿಗೆ ಬೇಡವಾಗಿತ್ತು. ತನಗೆ ಬರುವ ಇಂಗ್ಲಿಷಿನಲ್ಲಿ, ಅದು ರೋಗವಲ್ಲ, ನಮ್ಮ ದೇವರ ಭಸ್ಮ, ನಮ್ಮೆಜಮಾನರಿಗೆ ಏನೂ ಆಗದಿರಲಿ ಎಂದು ಹಚ್ಚಿದ್ದು ಎಂದು ಒಪ್ಪಿಕೊಂಡಳು. ಅವನು ಬೈಯುತ್ತಾನೆ ಎಂದುಕೊಂಡೆ. ಮರವನ್ನೊಮ್ಮೆ ತಟ್ಟಿದ, ನನ್ನ ಮುಖವನ್ನೊಮ್ಮೆ ನೋಡಿದ, ಟೇಪು ಸುತ್ತಿಕೊಂಡ.

"ಮರ ಚೆನ್ನಾಗಿದೆ. ನೀವು ಇವರನ್ನ ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಫೋಟೋ

ಆಪರೇಷನ್ ಆಯಿತು. ಎರಡು ಕಡೆ ಸರಿಮಾಡಿದ್ದೇವೆ, ಮೂರನೆಯದು ಕೈಹಚ್ಚುವ ಹಾಗಿರಲಿಲ್ಲ, ಓಡುವಷ್ಟು ದಿನ ಓಡಲಿ ಎಂದರು ಸರ್ಜನ್. ಹಾಗೆ ಬಿಟ್ಟ ಇಂಜಿನ್ನಿಗೆ ನಾನಾಗಿದ್ದರೆ ಹಾರಬಹುದು ಎಂದು ಸಹಿ ಹಾಕುತ್ತಿರಲಿಲ್ಲ. ಅದು ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ತಿಂಗಳಾದ ಮೇಲೆ ಅವಳ ಹೆಗಲು ಹಿಡಿದುಕೊಂಡು ಪಾರ್ಕಿಗೆ ಹೋದೆ. ಕೊಂಬೆ ಖಾಲಿ. ಆ ಟ್ಯಾಕ್ಸಿ ಅಂಕಲ್ ಒಬ್ಬನೇ ಕೂತಿದ್ದ. ಎದುರಿಗೆ ಹೊಸದಾಗಿ ಎದ್ದ ಕಾಂಡೋ ಅಪಾರ್ಟ್‌ಮೆಂಟಿನ ಗಾಜಿಗೆ ಬಡಿದು ಗೂಬೆ ಸತ್ತುಹೋಯಿತು ಎಂದ. ನನ್ನ ಆಪರೇಷನ್ನಿನ ವಾರವೇ ಅಂತೆ. ಹೆಂಡತಿ ಬೆಂಚಿನ ಮೇಲೆ ಕುಸಿದು ಅತ್ತಳು.

"ಪಾಪ, ಅದಕ್ಕ ತನ್ನ ಸಾವೇ ಗೊತ್ತಿರಲಿಲ್ಲ. ನಿಮ್ಮದು ಎಲ್ಲಿಂದ ಗೊತ್ತಿರಬೇಕ್ರಿ. ನಾ ಸುಮ್ಮಸುಮ್ಮನ ಬೈದೆ."

ಅಂಕಲ್ ಮಾತ್ರ ನನ್ನನ್ನೇ ನೋಡುತ್ತಿದ್ದ. ಮೊಣಕೈ ಮುಟ್ಟಿ ನೋಡಿದ. ಗೂಬೆ ಹೋಯಿತು, ನೀವೂ ಕಾಣಲಿಲ್ಲ, ನಾವೆಲ್ಲ ಬೇರೆಯೇ ತಿಳಿದುಕೊಂಡೆವು ಎಂದು ತಡವರಿಸಿದ. ಆಮೇಲೆ ಕ್ಯಾಮೆರಾ ಚೀಲದಿಂದ ಬಟ್ಟೆ ಸುತ್ತಿದ ಏನನ್ನೋ ಅರ್ಧ ತೆಗೆದ.

"ಎಲ್ರೂ ಸೇರಿ ಮಾಡಿಸಿದ್ವಿ. ಆಂಟಿ ಬಂದ್ರೆ ಕೊಡೋಣ ಅಂತ ದಿನಾ ತರ್ತಿದ್ದೆ. ಸಾರಿ ಲಾ."

ಕಪ್ಪು ಫ್ರೇಮಿನ ದೊಡ್ಡ ಫೋಟೋ. ಅದರಲ್ಲಿ ಗೂಬೆ ಇರಲಿಲ್ಲ. ನಾನೊಬ್ಬನೇ, ಮುಖದ ಮೇಲೆ ಎಳೆ ಬಿಸಿಲು, ಮೇಲೆ ನೋಡುತ್ತ ನಗುತ್ತಿದ್ದೆ. ನನ್ನ ಮದುವೆಯ ಆಲ್ಬಮ್ಮಿನಲ್ಲೂ ನಾನು ಅಷ್ಟು ಚೆನ್ನಾಗಿಲ್ಲ. ಅಂಕಲ್ ನಾಚಿಕೊಂಡು ಅದನ್ನು ಮತ್ತೆ ಚೀಲದೊಳಗೆ ತುರುಕಲು ಹೋದ.

ಹೆಂಡತಿ ಕಣ್ಣೊರೆಸಿಕೊಂಡು, ಕೈ ಚಾಚಿ ಅದನ್ನು ಇಸಿದುಕೊಂಡಳು. ದುಪಟ್ಟಾದ ಅಂಚಿನಿಂದ ಗಾಜು ಒರೆಸಿ ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇರ್ಲಿ ಬಿಡ್ರಿ, ಮನ್ಯಾಗ ಇಡೋಣ. ಭಾಳ ಚಲೋ ಬಂದೈತಿ. ಹೆಂಗೂ ಮುಂದ ಬೇಕಾಗತೈತಿ, ಅವತ್ತು ನನಗ ಹುಡುಕಾಕ ಆಗಂಗಿಲ್ಲ."