ದೊಡ್ಡಪ್ಪನ ಬುದ್ಧಿವಾದ ಯಂತ್ರ

“ಇನ್ಮೇಲೆ ನಮ್ಮನೆ ಮಗು ದಾರಿ ತಪ್ಪೋ ಮಾತೇ ಇಲ್ಲ!” ಎಂದು ಘೋಷಿಸಿ ಶಿವನಂಜಪ್ಪನವರು ತಮ್ಮ ಹೊಸ ಯಂತ್ರಕ್ಕೆ ಹೊದಿಸಿದ್ದ ಟವೆಲ್ ಎಳೆದರು.

ನಂಜನಗೂಡಿನ ಆ ಮನೆಯ ನಡುಮನೆಯಲ್ಲಿ ಪ್ರತ್ಯಕ್ಷವಾದದ್ದು ಹಳೆಯ ವ್ಯಾಕ್ಯೂಮ್ ಕ್ಲೀನರ್. ಕೆಳಗೆ ಇಂಚರ ಮಗುವಾಗಿದ್ದಾಗಿನ ವಾಕರಿನ ಚಕ್ರ, ಮೇಲೆರಡು ಸ್ಪೀಕರ್, ಮುಂದೆ ಸೊಂಡಿಲಿನಂಥ ಮೂಗು.

“ಮಾದಕ ವಸ್ತು ಎಲ್ಲಿದ್ರೂ ಮೂಸಿ ಹಿಡಿಯುತ್ತೆ, ಬುದ್ಧಿ ಹೇಳುತ್ತೆ. ಅದೂ ಮನೆಯವರದ್ದೇ ದನಿಯಲ್ಲಿ! ಮಗು ಬಾಯಿ ಬಿಟ್ಟರೆ ಸಾಕು, ಮುಂದಿನ ಬುದ್ಧಿವಾದ ತಾನಾಗೇ ಶುರು!”

“ಮಗು ಏನು ಹೇಳ್ತು ಅಂತ ಅದು ಕೇಳಿಸ್ಕೊಳ್ಳೋದು ಯಾವಾಗ, ಭಾವ?” ಎಂದಳು ತಮ್ಮನ ಹೆಂಡತಿ ನಳಿನಿ.

“ಕೇಳಿಸ್ಕೊಳ್ಳೋದು ಮಗು ಕೆಲಸ ಕಣಮ್ಮ!”

ಹೋದ ವಾರವೇ ದನಿಗಳು ಯಂತ್ರದೊಳಗೆ ಸೇರಿದ್ದವು. ಭಾವನದು ಅರ್ಧ ಗಂಟೆಯ ಭಾಷಣ. ನಳಿನಿಯ ಗಂಡ ಗುರುಮಲ್ಲಪ್ಪನದು “ಕಾಲು ಮುರೀತೀನಿ!” ಅಷ್ಟೇ. ನಳಿನಿಯ ಬಾಯಿಗೆ ಮೈಕ್ ಹಿಡಿದಾಗ ಅವಳು ಬಟ್ಟೆ ಒಣಹಾಕುತ್ತ, ಪಕ್ಕದ ಮನೆಯ ಪುಷ್ಪಕ್ಕ ಹೇಳುತ್ತಿದ್ದ ಅಳಿಯನ ಕತೆ ಕೇಳುತ್ತಿದ್ದಳು. ಹಾಗಾಗಿ ಒಳಗೆ ಹೋದದ್ದು “ಹೂಂ... ಆಮೇಲೆ?” ಮಾತ್ರ. “ಇದೂ ಒಂದು ಬುದ್ಧಿವಾದವಾ!” ಎಂದು ಭಾವ ಗೊಣಗಿದ್ದರು.

ನಳಿನಿಯ ಮನಸ್ಸು ಯಂತ್ರದ ಮೇಲಿರಲಿಲ್ಲ. ಮೊದಲ ಪಿಯುಸಿ ಓದುವ ಮಗಳು ಇಂಚರ ಕೆಲವು ದಿನಗಳಿಂದ ಟ್ಯೂಷನ್ನಿನಿಂದ ಬಂದವಳೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಳಿದರೆ “ಏನಿಲ್ಲ.” ಅದಕ್ಕೇ ನಳಿನಿ ನಿನ್ನೆ ರಾತ್ರಿಯೇ ಅವರೆಕಾಳು ನೆನೆಹಾಕಿದ್ದಳು. ಬೇಸಿನ್ನಿಗೆ ಕೈ ಹಾಕಿ ಹಿತಕುತ್ತ ಕೂತರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸಿಪ್ಪೆಯಿಂದ ಬೇಳೆ ಜಾರಿದ ಹಾಗೆ ಮಾತೂ ಜಾರಿಬಿಡುತ್ತದೆ.

ಯಂತ್ರ ಗುರ್ರೆಂದಿತು. ನೇರವಾಗಿ ಹೋಗಿ ಅತ್ತೆಯ ನಶ್ಯದ ಡಬ್ಬಿಗೆ ಮೂಗಿಟ್ಟಿತು!

“ಮಗೂ! ನಿನ್ನ ಉಜ್ವಲ ಭವಿಷ್ಯವನ್ನು ಹಾಳುಮಾಡಿಕೊಳ್ಳಬೇಡ!”

ಎಂಬತ್ತು ದಾಟಿದ ಅತ್ತೆ ಕಣ್ಣರಳಿಸಿದರು. “ನಂಗಿನ್ನೂ ಭವಿಷ್ಯ ಇದೆ ಅಂತ ಇದೊಂದಕ್ಕೇ ಗೊತ್ತು ನೋಡ್ರೋ!”

ಅಲ್ಲಿಂದ ಗುರುಮಲ್ಲಪ್ಪನ ಕಾಫಿ ಲೋಟಕ್ಕೆ. “ಕಾಲು ಮುರೀತೀನಿ!”

“ಯಾವನೋ ಅದು?” ಎಂದು ಗುರುಮಲ್ಲಪ್ಪ ಎಗರಿಬಿದ್ದ. ಕಾಫಿ ಪಂಚೆಯ ಮೇಲೆ ಚೆಲ್ಲಿತು.

“ನಿಂದೇ ದನಿ ಕಣೋ!” ಎಂದರು ಶಿವನಂಜಪ್ಪನವರು.

“ನಾನು ಹಿಂಗೆ ಅರಚ್ತೀನಾ?”

“ಇದು ಸ್ವಲ್ಪ ಮೆತ್ತಗೇ ಹೇಳ್ತು,” ಎಂದರು ಅತ್ತೆ.

ಅಷ್ಟರಲ್ಲಿ ಇಂಚರ ಕೋಣೆಯಿಂದ ಬಂದಳು. ಅವಳು ಆಗಷ್ಟೇ ಹಚ್ಚಿದ್ದ ನೇಲ್ ಪಾಲಿಶ್ ವಾಸನೆಗೆ ಯಂತ್ರ ಕುಣಿದಾಡಿತು! “ಮಗೂ! ಯುವಜನರೇ ದೇಶದ...”

“ನೇಲ್ ಪಾಲಿಶ್ ದೊಡ್ಡಪ್ಪ!”

ಅವಳು ಬಾಯಿ ಬಿಟ್ಟಳಲ್ಲ, ಮುಂದಿನದು ಶುರು. “ಕಾಲು ಮುರೀತೀನಿ!”

ಇಂಚರ ಕಣ್ಣು ತುಂಬಿಕೊಂಡು ಒಳಹೋಗಿ ದಡಾರೆಂದು ಬಾಗಿಲು ಹಾಕಿದಳು. ಯಂತ್ರ ಬಾಗಿಲಿಗೇ ಮೂಗು ಒತ್ತಿಕೊಂಡು ಭಾಷಣ ಮುಂದುವರಿಸಿತು.

ನಳಿನಿ ಬೇಸಿನ್ ಎತ್ತಿಕೊಂಡು ಮಗಳ ಬಾಗಿಲಿಗೆ ಓಡಿದಳು. ಹುಳಿತ ಅವರೆ ನೀರಿನ ವಾಸನೆ ಬಡಿದದ್ದೇ ತಡ, ಯಂತ್ರ ಸೊಂಡಿಲು ತಿರುಗಿಸಿ ನೀರು, ಕಾಳು, ಸಿಪ್ಪೆ ಸಿಕ್ಕಷ್ಟನ್ನೂ ಸೊರ್ರನೆ ಎಳೆದುಕೊಂಡಿತು! ಚಟಪಟ ಸದ್ದು, ಹೊಗೆ, ಸೀದ ಅವರೆಯ ವಾಸನೆ. ಭಾಷಣ ಅರ್ಧಕ್ಕೆ ಸತ್ತಿತು. ಶಿವನಂಜಪ್ಪನವರು ಸ್ಕ್ರೂಡ್ರೈವರ್ ತರಲು ಓಡಿದರು. ಗುರುಮಲ್ಲಪ್ಪ ಪಂಚೆ ಬದಲಿಸಲು ಹೋದ, ಅತ್ತೆ ಹೊಗೆ ತಾಳದೆ ಜಗಲಿಗೆ ನಡೆದರು.

ನಳಿನಿ ನೆಲದ ಮೇಲೆ ಕೂತು ಚೆಲ್ಲಿದ್ದ ಕಾಳು ಆಯತೊಡಗಿದಳು.

“ಅಮ್ಮ, ಎಲ್ಲಾರೂ ಹೋದ್ರಾ?” ಒಳಗಿನಿಂದ ಸಣ್ಣ ದನಿ.

“ಹೂಂ... ಆಮೇಲೆ?” ಎಂದಿತು ಯಂತ್ರ, ನಳಿನಿಯ ದನಿಯಲ್ಲಿ.

“ಆಮೇಲೇನು... ಟ್ಯೂಷನ್ನಲ್ಲಿ ಭಾರ್ಗವಿ ನಂಗೊಂದು ಮಾತ್ರೆ ಕೊಟ್ಟಳಮ್ಮ. ತಗೊಂಡರೆ ನಿದ್ದೇನೇ ಬರಲ್ವಂತೆ, ಓದ್ತಾನೇ ಇರಬಹುದಂತೆ.”

ನಳಿನಿ ‘ಯಾವ ಮಾತ್ರೆ? ನುಂಗಿದ್ಯಾ?’ ಎಂದು ಕಿರುಚಲು ಬಾಯಿ ತೆರೆದೇಬಿಟ್ಟಿದ್ದಳು. ಯಂತ್ರ ಅವಳಿಗಿಂತ ಮುಂಚೆ ಶಾಂತವಾಗಿ ಕೇಳಿತು: “ಹೂಂ... ಆಮೇಲೆ?”

“ನಾನು ತಗೊಳ್ಳಲಿಲ್ಲ. ಅವಳು ದಿನಾ ತಗೋತಾಳೆ. ಈಗ ಬರೆಯೋವಾಗ ಅವಳ ಕೈ ನಡುಗುತ್ತೆ. ನಂಗೆ ಭಯ ಆಗ್ತಿದೆ. ನಿಮಗೆ ಹೇಳಿದರೆ ನನ್ನ ಟ್ಯೂಷನ್ ಬಿಡಿಸ್ತೀರ, ಅವಳ ಜತೆ ಮಾತು ಬಿಡಿಸ್ತೀರ...”

ಯಂತ್ರ ಕೆಮ್ಮಿತು, ಒಂದು ಕಾಳು ಉಗುಳಿತು. ಈ ಸಲ ನಳಿನಿಯೇ ಮೆಲ್ಲಗೆ ಹೇಳಿದಳು, “ಹೂಂ... ಆಮೇಲೆ, ಚಿನ್ನ?”

ಬಾಗಿಲು ತೆರೆಯಿತು. ಇಂಚರ ಯಂತ್ರವನ್ನು ನೋಡಿದಳು, ಅಮ್ಮನನ್ನು ನೋಡಿದಳು. ನಗುವೂ ಅಳುವೂ ಒಟ್ಟಿಗೇ ಬಂತು. ಅಮ್ಮನ ಪಕ್ಕ ಕೂತು ಉಳಿದ ಕಾಳಿಗೆ ಕೈ ಹಾಕಿದಳು.

“ಬೈಯಲ್ವಾ?”

“ಬೈಯೋಕೆ ಮನೇಲಿ ಬೇಕಾದಷ್ಟು ಜನ ಇದ್ದಾರೆ. ಸಾಯಂಕಾಲ ಇಬ್ಬರೂ ಭಾರ್ಗವಿ ಮನೆಗೆ ಹೋಗೋಣ. ಅವರಮ್ಮನ ಹತ್ರ ನಾನು ಮಾತಾಡ್ತೀನಿ. ಅವಳ ಹತ್ರ ನೀನು ಮಾತಾಡು.”

“ಬುದ್ಧಿ ಹೇಳಬೇಕಾ?”

“ಮೊದಲು ಕೇಳು. ಅವಳ ಮಾತನ್ನೂ ಯಾರೂ ಕೇಳಿರಲ್ಲ.”

ಸಂಜೆ ಇಬ್ಬರೂ ಹೋಗಿಬಂದರು. ಭಾರ್ಗವಿಯ ಅಮ್ಮ ಅತ್ತರು, ಆಮೇಲೆ ಮಗಳ ಕೈ ಹಿಡಿದುಕೊಂಡು ಡಾಕ್ಟರ ಬಳಿ ಹೊರಟರು. ಮನೆಗೆ ಬಂದು ನೋಡಿದರೆ ನಡುಮನೆಯಲ್ಲಿ ವಿಚಿತ್ರ ದೃಶ್ಯ! ಗುರುಮಲ್ಲಪ್ಪ ಆಫೀಸಿನ ಮ್ಯಾನೇಜರನ ಮೇಲಿನ ಸಿಟ್ಟನ್ನೆಲ್ಲ ಯಂತ್ರಕ್ಕೆ ಹೇಳಿ ಹಗುರಾಗಿ ಕೂತಿದ್ದ. ಪುಷ್ಪಕ್ಕ ಅಳಿಯನ ಕತೆಯನ್ನು ಮೊದಲಿನಿಂದ ಹೇಳಲು ಬಂದು ಕಾಯುತ್ತಿದ್ದಳು. ರಿಪೇರಿಗೆಂದು ಕೂತ ಶಿವನಂಜಪ್ಪನವರ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

“ಎಲ್ಲಿ ತಪ್ಪಾಯ್ತೋ...” ಎಂದು ಅವರು ಗೊಣಗಿದ್ದೇ ತಪ್ಪಾಗಿತ್ತು. “ಹೂಂ... ಆಮೇಲೆ?” ಎಂದು ಅದು ಕೇಳಿತು, ಇವರು ಹೇಳಿದರು. ಈಗ ಹೈಸ್ಕೂಲಿನಲ್ಲಿ ಮೇಷ್ಟ್ರು ಅವರ ಮೊದಲ ರೇಡಿಯೊ ಒಡೆದು ಹಾಕಿದ ಪ್ರಸಂಗಕ್ಕೆ ಬಂದಿದ್ದರು. ಕಣ್ಣು ಒದ್ದೆಯಾಗಿತ್ತು.

“ಭಾವ, ಊಟಕ್ಕೆ ಏಳಿ, ಹಿತಕಿದ ಬೇಳೆ ಸಾರು ಆರಿಹೋಗುತ್ತೆ,” ಎಂದಳು ನಳಿನಿ.

ಅತ್ತೆ ನಶ್ಯ ಏರಿಸಿ ಅವಳನ್ನು ತಡೆದರು. “ಇರಲಿ ಬಿಡಮ್ಮ. ಅವನ ಮಾತು ಕೊನೇತನಕ ಕೇಳೋದು ಈ ಮನೇಲಿ ಕೆಟ್ಟುಹೋದ ಯಂತ್ರ ಒಂದೇ.”