ಕೊನೆ ಮಾತ್ರ ಹೇಳಬೇಡಿ

ಮೇಲ್ಮನೆ ಅಕ್ಕ ಮೆಟ್ಟಿಲ ಮೇಲೆ ನಿಂತು ಆ ಒಂದು ಮಾತು ಶುರುಮಾಡದೇ ಹೋಗಿದ್ದರೆ ಕಾರ್ಟೂನಣ್ಣನ ಕಿವಿಗಳಿಗೆ ಆ ದಿನ ಬಂದ ಗತಿ ಬರುತ್ತಿರಲಿಲ್ಲ.

"ಇವತ್ತು ಸಿನಿಮಾಕ್ಕೆ ಹೋಗ್ತಿದ್ದೀಯಂತಲ್ಲೋ," ಎಂದರು ಅವರು ಒಣಗಿದ ಬಟ್ಟೆ ಮಡಚುತ್ತಾ. "ಅದೇ, ಆ ದೀಪಸ್ತಂಭದ್ದು. ನನ್ನ ಮಗಳು ಫೋನಲ್ಲಿ ಮೂರು ಸಲ ನೋಡಿದ್ಲು ಕಣೋ. ಅದರ ಕೊನೇಲಿ ಏನಂದ್ರೆ..."

ಕಾರ್ಟೂನಣ್ಣ ಊಟದ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕಿವಿಗೆ ಬೆರಳಿಟ್ಟ. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಕೊನೆ ಮಾತ್ರ ಹೇಳಬೇಡಿ" ಎನ್ನುತ್ತಾ ಬೀದಿಗೆ ಓಡಿದ. ಓಡುವ ರಭಸಕ್ಕೆ ಕಳಚಿಹೋದ ಚಪ್ಪಲಿಯನ್ನು ಕಿವಿಯಿಂದ ಬೆರಳು ತೆಗೆಯದೆ ಕಾಲ್ಬೆರಳಿನಿಂದಲೇ ತಡಕಿ ಹಾಕಿಕೊಂಡ. ಅಷ್ಟು ಹೊತ್ತೂ ಅಕ್ಕನ ತುಟಿ ಅಲ್ಲಾಡುತ್ತಲೇ ಇತ್ತು.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಮೂವತ್ತನಾಲ್ಕು ವರ್ಷದ ಗಂಡಸು ಜಪಾನಿನ ಬಣ್ಣದ ಚಿತ್ರ ನೋಡಿ ಅಳುತ್ತಾನೆಂದು ಗೊತ್ತಾದ ದಿನವೇ ಕೆಲಸದ ಜಾಗದಲ್ಲಿ ಈ ಹೆಸರು ಬಿದ್ದಿತ್ತು. "ಅದು ಕಾರ್ಟೂನಲ್ಲ, ಆನಿಮೆ" ಎಂದು ಅವನು ತಿದ್ದುತ್ತಲೇ ಬಂದ. ತಿದ್ದಿದಷ್ಟೂ ಹೆಸರು ಗಟ್ಟಿಯಾಯಿತು.

ನಾಲ್ಕು ವರ್ಷದ ಹಿಂದೆ ಕೆಲಸವಿಲ್ಲದೆ ಅಲೆಯುತ್ತಿದ್ದಾಗ, ಬಿಸಿಲು ತಪ್ಪಿಸಿಕೊಳ್ಳಲೆಂದು ಟಾಕೀಸಿಗೆ ನುಗ್ಗಿ ಅವನು 'ಹನ್ನೊಂದನೇ ದೀಪಸ್ತಂಭ'ದ ಮೊದಲ ಭಾಗ ನೋಡಿದ್ದ. ಅಜ್ಜಿಯ ಜೊತೆ ದೀಪಸ್ತಂಭ ಕಾಯುವ ಒಬ್ಬ ಹುಡುಗಿ. ಅವಳ ಅಪ್ಪ ಸಮುದ್ರದ ಪಾಲಾಗಿದ್ದಾನೆ. ಪ್ರತಿದಿನ ಕತ್ತಲಲ್ಲಿ ಮರದ ಮುಖವಾಡ ಹಾಕಿದ ಯಾರೋ ದೋಣಿಯಲ್ಲಿ ಬಂದು, ದೀಪಕ್ಕೆ ಎಣ್ಣೆ ಇಟ್ಟು, ಮಾತಾಡದೆ ಹೋಗುತ್ತಾರೆ. ಯಾರು ಅದು? ಆ ಪ್ರಶ್ನೆ ಅವನ ತಲೆಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಮನೆಗೆ ಬಂದವನೇ 'ಚಿತ್ರದೊಳಗಿನ ಗಾಳಿ' ಎಂಬ ಬ್ಲಾಗು ತೆರೆದ. ಒಂದು ಕಿಟಕಿಯ ಪರದೆ ಅಲ್ಲಾಡುವುದನ್ನು ತೋರಿಸಲು ಯಾರೋ ಕೂತು ಇಪ್ಪತ್ತು ಚಿತ್ರ ಬರೆದಿದ್ದಾರಲ್ಲ, ಅದನ್ನು ನೋಡುವವನಿಗೂ ಅಷ್ಟು ತಾಳ್ಮೆ ಬೇಡವೇ ಎಂದು ಮೊದಲ ಲೇಖನದಲ್ಲೇ ಕೇಳಿದ. ಅರವತ್ತಮೂರು ಜನ ಓದುಗರಾದರು. ಮುಖವಾಡದ ಹಿಂದಿರುವುದು ಸತ್ತನೆಂದುಕೊಂಡ ಅಪ್ಪನೇ ಎಂದು ಅವನು ಬರೆದ ಲೇಖನಗಳೇ ನಲವತ್ತೊಂದು.

ಎರಡನೇ ಭಾಗ ಮೂರು ತಿಂಗಳ ಹಿಂದೆಯೇ ಹೊರಗೆಲ್ಲ ಬಿಡುಗಡೆಯಾಗಿ, ಕಳ್ಳದಾರಿಯಲ್ಲಿ ಎಲ್ಲರ ಫೋನಿಗೂ ಬಂದಿತ್ತು. ಕಾರ್ಟೂನಣ್ಣ ಮಾತ್ರ ಪಟ್ಟು ಹಿಡಿದ. ಅಷ್ಟು ದೊಡ್ಡ ಸಮುದ್ರವನ್ನು ಅಂಗೈಯಲ್ಲಿ ನೋಡುವವನು ತಾನಲ್ಲ. ಇಂಟರ್ನೆಟ್ಟಿನಲ್ಲಿ ಓದುವುದು ಬಿಟ್ಟ, ಬ್ಲಾಗಿನ ಕಾಮೆಂಟಿಗೆ ಬೀಗ ಹಾಕಿದ. ಕೊನೆಗೆ ಟಾಕೀಸಿನವರು ಒಂದು ದಿನ, ಒಂದೇ ಆಟ, ನಾಲ್ಕೂವರೆಗೆ ಎಂದು ಬೋರ್ಡು ಹಾಕಿದಾಗ ಓದುಗರಿಗೆ ಮಾತು ಕೊಟ್ಟುಬಿಟ್ಟ: ಒಂದಕ್ಷರವೂ ಕಿವಿಗೆ ಬೀಳದಂತೆ ಹೋಗಿ ನೋಡುತ್ತೇನೆ, ಆ ಮುಖ ಅಪ್ಪನದಲ್ಲದಿದ್ದರೆ ಅಂದೇ ಬ್ಲಾಗು ಮುಚ್ಚುತ್ತೇನೆ.

ಆ ದಿನ ಇವತ್ತು. ಇನ್ನು ಏಳು ಗಂಟೆ ಕಿವಿ ಕಾಯ್ದುಕೊಂಡರೆ ಗೆದ್ದಂತೆ. ಆದರೆ ಅವನು ಕೆಲಸ ಮಾಡುತ್ತಿದ್ದುದು ಕಿವಿ ಕೇಳುವ ಮಿಷನ್ ಮಾರುವ ಕ್ಲಿನಿಕ್ಕಿನಲ್ಲಿ.

ಒಳಗೆ ಕಾಲಿಡುತ್ತಲೇ ರಿಸೆಪ್ಷನ್ನಿನವಳು ಫೋನು ಎತ್ತಿ ತೋರಿಸಿದಳು. "ಕಾರ್ಟೂನಣ್ಣ, ನಿಮ್ಮ ಸಿನಿಮಾ ಕತೇನ ಯಾರೋ ಮೂರು ನಿಮಿಷದಲ್ಲಿ ಹೇಳಿದಾರೆ ನೋಡಿ. ಎರಡು ನಿಮಿಷ ಆಯ್ತು, ಇನ್ನು ಒಂದೇ ನಿಮಿಷ ಇದೆ, ಜೋರಾಗಿ ಇಡ್ತೀನಿ."

ಅವನು ಅಲ್ಲಿ ನಿಲ್ಲಲಿಲ್ಲ. ಹಿಂದಿನ ಕೋಣೆಗೆ ನುಗ್ಗಿ ಬಾಗಿಲು ಹಾಕಿದ. ಅಲ್ಲಿ ಅಚ್ಚಿನ ಮಾವ ಕೂತಿದ್ದ. ಬಂದವರ ಕಿವಿಯೊಳಗೆ ಗುಲಾಬಿ ಬಣ್ಣದ ಪೇಸ್ಟು ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಮಿಷನ್ ಕೂರಿಸಲು ಅಳತೆಯ ಅಚ್ಚು ಮಾಡುವುದು ಇಪ್ಪತ್ತೆರಡು ವರ್ಷದಿಂದ ಅವನ ಕಸುಬು.

"ಮಾವ, ನನ್ನ ಎರಡು ಕಿವಿಗೂ ಅಚ್ಚು ಹಾಕು. ತೆಗೀಬೇಡ. ನಾಲ್ಕು ಗಂಟೆಗೆ ತೆಗೆದರೆ ಸಾಕು."

"ತಲೆ ಕೆಟ್ಟಿದೆಯೇನೋ? ಕೆಲಸ ಹೆಂಗೆ ಮಾಡ್ತೀಯ?"

"ನನ್ನ ಕೆಲಸ ಏನು? ಪೇಷೆಂಟನ್ನ ಗಾಜಿನ ಕೋಣೇಲಿ ಕೂರಿಸಿ, ಗುಂಡಿ ಒತ್ತಿ, ಅವರು ಬೆರಳೆತ್ತಿದರೆ ಟಿಕ್ ಹಾಕೋದು. ಕೇಳಬೇಕಾದವರು ಅವರು. ನಾನಲ್ಲ."

ಮಾವನಿಗೆ ಈ ವಾದದಲ್ಲಿ ತಪ್ಪು ಕಾಣಲಿಲ್ಲ. ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಮೊದಲು ಒಳಗಿಟ್ಟು, ಮೇಲೆ ಪೇಸ್ಟು ತುಂಬಿದ. ಐದು ನಿಮಿಷದಲ್ಲಿ ಅದು ಗಟ್ಟಿಯಾಯಿತು. ಮಾವನ ತುಟಿ ಅಲ್ಲಾಡಿತು, ಏನೂ ಕೇಳಲಿಲ್ಲ. ಮಾವ ಮೇಜಿಗೆ ಸುತ್ತಿಗೆಯಿಂದ ಬಡಿದ, ಆಗಲೂ ಕೇಳಲಿಲ್ಲ. ಕಾರ್ಟೂನಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೊದಲ ಎರಡು ಗಂಟೆ ಸುಸೂತ್ರವಾಗಿ ನಡೆಯಿತು. ಕಿವಿ ಕೇಳದವರು ಒಳಗೆ, ಕಿವಿ ಕೇಳದವನು ಹೊರಗೆ. ಇಬ್ಬರೂ ಸನ್ನೆಯಲ್ಲೇ ಮುಗಿಸಿದರು. ತೊಂದರೆ ಬಂದದ್ದು ಕಿವಿ ಸರಿಯಿದ್ದವರಿಂದ. ಅವರು ಬಂದು ಏನಾದರೂ ಕೇಳುತ್ತಿದ್ದರು. ಏನೆಂದು ತಿಳಿಯದೆ ನಿಂತರೆ ಗುಟ್ಟು ಹೊರಬೀಳುತ್ತದೆ. ಅಡ್ಡ ತಲೆಯಾಡಿಸಿದರೆ ಯಾಕೆ ಎಂದು ಕೇಳುತ್ತಾರೆ, ಮಾತು ಬೆಳೆಯುತ್ತದೆ. ಆದ್ದರಿಂದ ಅವನು ಎಲ್ಲದಕ್ಕೂ ಕೋಲೆಬಸವನ ಹಾಗೆ ಹೂಂ ಎಂದು ತಲೆಯಾಡಿಸುವ ತೀರ್ಮಾನ ಮಾಡಿದ.

ರಿಸೆಪ್ಷನ್ನಿನವಳು ಬಂದು ಏನೋ ಕೇಳಿದಳು. ತಲೆಯಾಡಿಸಿದ. ಅವಳು ಖುಷಿಯಿಂದ ಅವನ ಊಟದ ಡಬ್ಬಿ ತೆಗೆದುಕೊಂಡು ಹೋದಳು. ಬಿಸಿ ಮಾಡಿಕೊಡುತ್ತಾಳೇನೋ, ಎಂಥ ಒಳ್ಳೆಯ ಹುಡುಗಿ ಎಂದುಕೊಂಡ. ಒಂದು ಗಂಟೆಗೆ ಡಬ್ಬಿ ತೊಳೆದ ಸ್ಥಿತಿಯಲ್ಲಿ ವಾಪಸು ಬಂತು.

ಡಾಕ್ಟ್ರಮ್ಮ ಒಂದು ಫೈಲು ಹಿಡಿದುಕೊಂಡು ಬಂದರು. ಏನೋ ಕೇಳಿದರು. ಅವನು ನಗುತ್ತಾ ತಲೆಯಾಡಿಸಿದ. ಅವರ ಮುಖ ಕೆಂಪಾಯಿತು. ಇನ್ನೊಂದು ಕೇಳಿದರು. ಅದಕ್ಕೂ ತಲೆಯಾಡಿಸಿದ, ಇನ್ನಷ್ಟು ನಕ್ಕ. ಡಾಕ್ಟ್ರಮ್ಮ ಫೈಲನ್ನು ಮೇಜಿನ ಮೇಲೆ ಎತ್ತಿಹಾಕಿ ಹೋದರು. ಅದು ಬಿದ್ದ ಸದ್ದು ಅವನಿಗೆ ಕೇಳಲಿಲ್ಲ, ಮೇಜು ನಡುಗಿದ್ದು ಮಾತ್ರ ಕಂಡಿತು. ಆದರೂ ಅಚ್ಚಿನ ಮೇಲೆ ಕೈ ಹೋಗಲಿಲ್ಲ. ನಾಲ್ಕು ವರ್ಷ ಕಾದವನು ಇನ್ನೆರಡು ಗಂಟೆ ಕಾಯಲಾರನೇ?

ಎರಡೂವರೆಗೆ ಬಾಗಿಲು ತೆರೆದು ಒಳಗೆ ಬಂದವರನ್ನು ನೋಡಿ ಮಾತ್ರ ಅವನ ಜೀವ ಬಾಯಿಗೆ ಬಂತು. ಮೇಲ್ಮನೆ ಅಕ್ಕ. ಜೊತೆಗೆ ಅವರ ಅಪ್ಪ, ಎಂಬತ್ತೊಂದು ವರ್ಷದ ತಾತ. ಹತ್ತು ವರ್ಷದಿಂದ ತಾತನಿಗೆ ಕಿವಿ ಮಂದ. ಇವತ್ತು ಅವರಿಗೆ ಹೊಸ ಮಿಷನ್ ಕೂರಿಸುವ ದಿನವೆಂಬುದನ್ನು ಸಿನಿಮಾದ ಗುಂಗಿನಲ್ಲಿ ಅವನು ಮರೆತೇಬಿಟ್ಟಿದ್ದ.

ಅಕ್ಕ ಬಂದ ಗಳಿಗೆಯಿಂದ ಅವನನ್ನೇ ನೋಡುತ್ತಾ ಮಾತಾಡಿದರು. ಕೈಯಲ್ಲಿ ದೋಣಿಯ ಹಾಗೆ ತೋರಿಸಿದರು, ಮುಖದ ಮೇಲೆ ಅಂಗೈಯಿಟ್ಟು ತೆಗೆದರು. ಅವನು ಕಣ್ಣನ್ನೂ ಬೇರೆ ಕಡೆ ತಿರುಗಿಸಬೇಕಾಯಿತು. ತಾತನ ಕಿವಿಗೆ ಮಿಷನ್ ಕೂರಿಸಿ, ಸದ್ದು ಸರಿಮಾಡಿ, ಬ್ಯಾಟರಿ ಹಾಕುವುದನ್ನು ಕಲಿಸಿಕೊಟ್ಟ. ತಾತನ ಕಣ್ಣು ಅರಳಿತು. ಅಕ್ಕ ಕೊನೆಯಲ್ಲಿ ಬಹಳ ವಿನಯದಿಂದ ಏನೋ ಕೇಳಿಕೊಂಡರು. ಅವನು ತಲೆಯಾಡಿಸಿದ. ಅಕ್ಕ ಅವನ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು.

ನಾಲ್ಕು ಗಂಟೆಗೆ ಮಾವ ದಾರ ಹಿಡಿದು ಎಳೆದ. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಲೋಕದ ಗಲಾಟೆಯೆಲ್ಲ ಒಮ್ಮೆಗೇ ಒಳಗೆ ನುಗ್ಗಿತು. ಅದರ ಜೊತೆಗೆ ಮಾವನ ಮಾತೂ.

"ಏನೋ ನೀನು, ಹೋದ ವಾರ ಎಡದ ಮಿಷನ್ನು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಕಳಿಸಿದ್ದು ನಾನೇ ಅಂತ ಒಪ್ಪಿಕೊಂಡೆಯಂತೆ. ಬೇಕೂಂತ ಮಾಡಿದೆಯಾ ಅಂದಿದ್ದಕ್ಕೂ ಹೂಂ ಅಂದೆಯಂತೆ. ನಾಳೆ ಬೆಳಿಗ್ಗೆ ಡಾಕ್ಟ್ರಮ್ಮ ಕರೆದಿದಾರೆ."

"ಅದು ನಾನಲ್ಲ ಮಾವ."

"ಗೊತ್ತು. ಅದು ನಾನು. ನಿನ್ನ ಋಣ ಜನ್ಮದಲ್ಲಿ ಮರೆಯಲ್ಲ."

ಅವನಿಗೆ ಜಗಳವಾಡಲು ಹೊತ್ತಿರಲಿಲ್ಲ. ಹೊಟ್ಟೆ ಹಸಿದಿತ್ತು, ಕೆಲಸ ಅಲ್ಲಾಡುತ್ತಿತ್ತು, ಆದರೆ ಕೊನೆ ಮಾತ್ರ ಇನ್ನೂ ತಿಳಿದಿರಲಿಲ್ಲ. ಅಷ್ಟು ಸಾಕು. ಚೀಲ ಹೆಗಲಿಗೇರಿಸಿ ಹೊರಗೆ ಬಂದರೆ ಬೆಂಚಿನ ಮೇಲೆ ತಾತ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಟಿಕೆಟ್ಟು ಹಿಡಿದು ಕೂತಿದ್ದರು.

"ಹೊರಡೋಣವೇನಪ್ಪಾ?" ಎಂದರು ಇಡೀ ಬೀದಿಗೆ ಕೇಳುವಂತೆ. "ಹೊಸ ಮಿಷನ್ನು ಗದ್ದಲದಲ್ಲೂ ಕೇಳುತ್ತಾ ಅಂತ ನೋಡೋಕೆ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀಯಾ ಅಂತ ಮಗಳು ಕೇಳಿದಳು. ನೀನು ಒಂದೇ ಮಾತಿಗೆ ಒಪ್ಪಿದೆ. ಈ ಕಾಲದಲ್ಲಿ ಯಾರಪ್ಪ ಹೀಗೆ ಒಪ್ತಾರೆ?"

"ತಾತ, ನೀವು ಈ ಸಿನಿಮಾ ನೋಡಿಲ್ಲ ತಾನೇ?"

"ನೋಡದೇ ಏನು? ಮೊಮ್ಮಗಳ ಜೊತೆ ಎರಡು ಭಾಗಾನೂ ನೋಡಿದೀನಿ. ಸದ್ದು ಕೇಳದಿದ್ರೂ ಕೆಳಗೆ ಬರಹ ಬರುತ್ತಲ್ಲ. ಕೊನೇಲಿ ಏನಾಗುತ್ತೆ ಗೊತ್ತಾ..."

ಕಾರ್ಟೂನಣ್ಣ ನಡುಬೀದಿಯಲ್ಲಿ ಕೈ ಮುಗಿದ. ಸಿನಿಮಾ ಮುಗಿಯುವ ತನಕ ಕತೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲವೆಂದು ತಾತನಿಂದ ಭಾಷೆ ತೆಗೆದುಕೊಂಡೇ ಹೆಜ್ಜೆ ಕಿತ್ತ.

ತಾತ ಮಾತಿಗೆ ತಪ್ಪಲಿಲ್ಲ. ಕತೆ ಬಿಟ್ಟು ಉಳಿದದ್ದೆಲ್ಲ ಹೇಳಿದರು. ಹಿಂದಿನ ಸಾಲಿನವರು ಕುರುಕಲು ತಿನ್ನುವ ಸದ್ದು, ಮೇಲಿನ ಫ್ಯಾನಿನ ಕಿರುಗುಟ್ಟುವಿಕೆ, ಯಾರದೋ ಗೊರಕೆ, ಎಲ್ಲವನ್ನೂ ಒಂದೊಂದಾಗಿ ವರದಿ ಮಾಡಿದರು. ಜನ ಉಶ್ ಎಂದರೆ ಆ ಉಶ್ ಕೂಡ ಕೇಳಿಸಿತೆಂದು ಸಂತೋಷಪಟ್ಟರು. ಆದರೆ ಪರದೆಯ ಮೇಲೆ ಮೊದಲ ಅಲೆ ಬಂದು ಬಂಡೆಗೆ ಬಡಿದಾಗ ಅವರು ಸುಮ್ಮನಾದರು. "ಸಮುದ್ರ ಹೀಗೆ ಸದ್ದು ಮಾಡ್ತಿತ್ತು ಅನ್ನೋದೇ ಮರೆತುಹೋಗಿತ್ತಪ್ಪ" ಎಂದು ಮೊದಲ ಸಲ ಮೆಲ್ಲಗೆ ಹೇಳಿದರು. ಕಾರ್ಟೂನಣ್ಣನಿಗೆ ಡಬ್ಬಿ ಹೋದರೂ, ಡಾಕ್ಟ್ರಮ್ಮ ಬೈದರೂ, ಈ ದಿನ ದಂಡವಾಗಲಿಲ್ಲ ಎನಿಸಿತು.

ಕೊನೆಯ ದೃಶ್ಯ ಬಂತು. ಬಿರುಗಾಳಿ. ದೋಣಿ ದಡ ಸೇರಿತು. ಹುಡುಗಿ ಮೆಟ್ಟಿಲಿಳಿದು ಬಂದು ಮುಖವಾಡದ ಎದುರು ನಿಂತಳು. ಕೈ ಎತ್ತಿದಳು. ಬೆರಳು ಮುಖವಾಡದ ಅಂಚನ್ನು ಮುಟ್ಟಿತು. ಕಾರ್ಟೂನಣ್ಣ ಉಸಿರು ಬಿಗಿಹಿಡಿದ.

ಪರದೆ ಕಪ್ಪಾಯಿತು. 'ಉಳಿದದ್ದು ಮೂರನೇ ಭಾಗದಲ್ಲಿ, ಎರಡು ವರ್ಷದ ನಂತರ' ಎಂಬ ಬರಹ ಬಂತು. ದೀಪ ಹತ್ತಿತು.

"ನೋಡು, ಇದನ್ನೇ ನನ್ನ ಮಗಳು ಬೆಳಿಗ್ಗೆಯಿಂದ ಹೇಳೋಕೆ ಬಂದಿದ್ದು," ಎಂದರು ತಾತ ಕೋಲು ಹುಡುಕುತ್ತಾ. "ಕೊನೇಲಿ ಏನೂ ಇಲ್ಲ, ಮುಖವಾಡ ತೆಗೆಯೋದೇ ಇಲ್ಲ, ಆಮೇಲೆ ಬೇಜಾರು ಮಾಡ್ಕೋಬೇಡ ಅಂತ."

ಕಾರ್ಟೂನಣ್ಣ ಐದು ನಿಮಿಷ ಕುರ್ಚಿಯಿಂದ ಏಳಲಿಲ್ಲ. ಇಲ್ಲದ ಕೊನೆಗಾಗಿ ಮೂರು ತಿಂಗಳು ಕಿವಿ ಮುಚ್ಚಿಕೊಂಡಿದ್ದೆನೇ ಎಂದು ನಾಚಿಕೆಯಾಯಿತು. ಆಮೇಲೆ ನಿಧಾನವಾಗಿ ಇನ್ನೊಂದು ಯೋಚನೆ ಬಂತು. ಮುಖ ಕಾಣಲಿಲ್ಲವೆಂದರೆ ತನ್ನ ಊಹೆ ಸುಳ್ಳಾಗಲಿಲ್ಲ. ಬ್ಲಾಗು ಮುಚ್ಚಬೇಕಿಲ್ಲ. ಇನ್ನೂ ಎರಡು ವರ್ಷ ಆ ಅಪ್ಪನ ಬಗ್ಗೆ ಬರೆಯಬಹುದು, ರೋಮಾಂಚನದಿಂದ ಕಾಯಬಹುದು. ಅವನು ಎದ್ದು ನಿಂತ. ಹೆಗಲ ಚೀಲ ಬಿಗಿಯಾಗಿ ಹಿಡಿದ. ನಲವತ್ತೆರಡನೇ ಲೇಖನದ ಮೊದಲ ಸಾಲು ಆಗಲೇ ಸಿದ್ಧವಾಗಿತ್ತು.

ಬಸ್ಸಿಗೆ ಕಾಯುತ್ತಾ ನಿಂತಾಗ ತಾತ ಹೇಳಿದರು, "ಮುಖವಾಡ ತೆಗೆದು ಬೇರೆ ತೋರಿಸಬೇಕಾ? ಅದು ಅವಳ ಅಜ್ಜಿ ಅಂತ ಗೊತ್ತೇ ಇದೆಯಲ್ಲ."

"ಏನಂದ್ರಿ?"

"ಹತ್ತು ವರ್ಷ ಕಿವಿ ಕೇಳದವನು ಏನು ಮಾಡ್ತಾನೆ, ಜನರ ಕೈ ನೋಡ್ತಾನೆ. ಮೊದಲ ಭಾಗದಲ್ಲಿ ಅಜ್ಜಿ ಆ ಹುಡುಗಿಗೆ ಜಡೆ ಹಾಕ್ತಾಳಲ್ಲ, ಎರಡು ಸುತ್ತು ಸುತ್ತಿ ತುದೀನ ಹೆಬ್ಬೆರಳಲ್ಲಿ ಕೆಳಗಿನಿಂದ ಒಳಗೆ ತಳ್ತಾಳೆ. ಮುಖವಾಡದವರು ದೋಣಿ ಹಗ್ಗ ಕಟ್ಟೋದೂ ಹಾಗೇನೇ, ಎರಡು ಸುತ್ತು, ಹೆಬ್ಬೆರಳು, ಕೆಳಗಿನಿಂದ. ಅದಕ್ಕೇ ಅಲ್ವಾ ಅಜ್ಜಿ ಹಗಲೆಲ್ಲ ಮಲಗಿರೋದು."

ಕಾರ್ಟೂನಣ್ಣನಿಗೆ ಆ ಎರಡು ಗಂಟು ಕಣ್ಣಮುಂದೆ ಬಂದು ನಿಂತವು. ಆ ಜಡೆಯ ಸೊಬಗಿನ ಬಗ್ಗೆಯೇ ಅವನು ಹಿಂದೊಮ್ಮೆ ಎಂಟು ಪುಟ ಬರೆದಿದ್ದ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಇನ್ನೂ ತಯಾರೇ ಆಗದ ಚಿತ್ರದ ಕೊನೆ ಅವನಿಗೆ ಈಗಲೇ ಗೊತ್ತಾಗಿಹೋಗಿತ್ತು. ಎರಡು ವರ್ಷ ಕಾಯಲು ಏನೂ ಉಳಿದಿರಲಿಲ್ಲ.

"ನೀನೇನು ಅಂದ್ಕೊಂಡಿದ್ದೆ?" ಎಂದು ಕೇಳಿದರು ತಾತ.

"ನಾನೂ ಅಜ್ಜಿ ಅಂತಲೇ" ಎಂದ ಅವನು.

"ಮತ್ತೆ. ಕಣ್ಣಿದ್ದವರಿಗೆ ಯಾರಿಗಾದರೂ ಕಾಣುತ್ತೆ. ಇಂಟರ್ನೆಟ್ಟಲ್ಲಿ ಯಾವನೋ ಒಬ್ಬ ಅಪ್ಪ, ಅಪ್ಪ ಅಂತ ನಲವತ್ತು ಲೇಖನ ಬರೆದಿದಾನಂತೆ. ಮೊಮ್ಮಗಳು ದಿನಾ ಓದಿ ನಗ್ತಿರ್ತಾಳೆ."

ನಲವತ್ತೊಂದು ಎಂದು ತಿದ್ದಲು ಹೊರಟ ಬಾಯಿಯನ್ನು ಕಾರ್ಟೂನಣ್ಣ ಮುಚ್ಚಿಕೊಂಡ. ಬಸ್ಸು ಬಂತು. ತಾತ ಮೊದಲು ಹತ್ತಿ, ಕಿಟಕಿಯ ಪಕ್ಕದಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ಕೋಲು ಅಡ್ಡ ಇಟ್ಟು ಅವನಿಗೆ ಜಾಗ ಹಿಡಿದರು.

"ಬಾಪ್ಪಾ ಬೇಗ," ಎಂದು ಇಡೀ ಬಸ್ಸಿಗೆ ಕೇಳುವಂತೆ ಕರೆದರು. "ಅಪ್ಪ ಎಲ್ಲಿದಾನೆ ಅನ್ನೋದನ್ನೂ ದಾರೀಲಿ ಹೇಳಿಬಿಡ್ತೀನಿ."